ಇಳಿತದ ಲೆಕ್ಕ ಹಾಕಿ ಮೋಟಾರು ಕೊಳ್ಳು

ಹೊನ್ನಾವರ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮವಾಗಿದ್ದೇವೆ. ದೋಣಿಗೆ ಕಟ್ಟಲೆಂದು ನೀನು ನೋಡಿಟ್ಟು ಕಳಿಸಿದ ಮೂರು ಬ್ಯಾಟರಿ ಮೋಟಾರುಗಳ ಚಿತ್ರವನ್ನೂ ವಿವರವನ್ನೂ ನಿನ್ನ ಅತ್ತೆಯ ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು ಓದಿದೆ. "ಇವುಗಳಲ್ಲಿ ಯಾವುದಕ್ಕೆ ಶಕ್ತಿ ಹೆಚ್ಚು ಹೇಳಿ ಮಾವ, ಅದನ್ನೇ ತರುತ್ತೇನೆ" ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಬರೆದು ಕಳಿಸಿದರೆ ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಇಟ್ಟುಕೊಳ್ಳಬಹುದು ಎಂದು ಬರೆಯುತ್ತಿದ್ದೇನೆ.

ಬಂದರಿನ ಧಕ್ಕೆಯ ಮೇಲೆ ಮೂವತ್ತು ವರ್ಷ ಸೀಮೆಎಣ್ಣೆ ಎಂಜಿನ್ ಬಿಚ್ಚಿ ಕಟ್ಟಿದವನು ನಾನು. ಈಗ ನಾಲ್ಕು ವರ್ಷಗಳಿಂದ ನನ್ನ ಸಣ್ಣ ದೋಣಿಗೆ ಬ್ಯಾಟರಿ ಮೋಟಾರನ್ನೇ ಕಟ್ಟಿಕೊಂಡು ಗಾಳಕ್ಕೆ ಹೋಗುತ್ತಿದ್ದೇನೆ. ಹೊಗೆಯಿಲ್ಲ, ಸದ್ದಿಲ್ಲ. ಬೆಳಗಿನ ಜಾವ ಕಾಂಡ್ಲಾ ಗಿಡಗಳ ಬೇರಿನ ಪಕ್ಕದಲ್ಲೇ ತೆವಳಿಕೊಂಡು ಹೋಗುವಾಗ ಕುರುಡಿ ಮೀನು ಬಾಲ ಬಡಿಯುವುದು ಕೇಳಿಸುತ್ತದೆ. ಗಾಳವನ್ನು ದೋಣಿಯ ಹಿಂದೆ ನಿಧಾನವಾಗಿ ಎಳೆದೊಯ್ಯುವುದಕ್ಕೆ ಇದರಷ್ಟು ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಆದ್ದರಿಂದ ನೀನು ಕೊಳ್ಳುವುದು ನನಗೆ ಸಂತೋಷವೇ. ಆದರೆ ಶಕ್ತಿಯ ಪ್ರಶ್ನೆಯನ್ನು ಮೊದಲು ಕೇಳಬೇಡ. ಶರಾವತಿ ಹೊಳೆಯ ಇಳಿತ, ಎಂದರೆ ಉಬ್ಬರದ ನೀರು ಹಿಂದೆ ಸರಿಯುವ ಸೆಳೆತ, ಸಮುದ್ರದ ಕಡೆ ಎಳೆಯುತ್ತಿರುವಾಗ ಈ ಮೋಟಾರು ನನ್ನನ್ನು ಮನೆಗೆ ತಂದು ಮುಟ್ಟಿಸುತ್ತದೆಯೇ, ಅದನ್ನು ಕೇಳು.

ಯಾಕೆ ಹೀಗೆ ಹೇಳುತ್ತೇನೆಂದರೆ, ಮೊದಲ ವರ್ಷ ನಾನೇ ಅದನ್ನು ಕೇಳಿಕೊಂಡಿರಲಿಲ್ಲ. ಹುಣ್ಣಿಮೆಯ ಮರುದಿನ ಸಂಜೆ, ಕಾರಿನಿಂದ ತೆಗೆದ ಹಳೆಯ ಬ್ಯಾಟರಿ ಇಟ್ಟುಕೊಂಡು ಸೇತುವೆ ದಾಟಿ ಕೆಳಗೆ, ಸಮುದ್ರದ ಕಡೆ, ಗಾಳ ಹಾಕುತ್ತಿದ್ದೆ. ಮೀನು ಕಚ್ಚುತ್ತಿದ್ದ ಉಮೇದಿನಲ್ಲಿ ನೀರು ತಿರುಗಿದ್ದನ್ನು ಗಮನಿಸಲಿಲ್ಲ. ಹೊರಟಾಗ ಮೋಟಾರು ಚೆನ್ನಾಗಿಯೇ ಓಡಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅದರ ದನಿ ಸೊಳ್ಳೆಯ ದನಿಯಷ್ಟು ಸಣ್ಣದಾಯಿತು. ದೋಣಿಯ ಮೂತಿ ದಡದ ಕಡೆಗೇ ಇದೆ, ಆದರೆ ಸೇತುವೆಯ ದೀಪಗಳು ಒಂದೊಂದಾಗಿ ದೂರ ಸರಿಯುತ್ತಿವೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬದ ಮೇಲೆ ಅಲೆ ಒಡೆಯುವ ಸದ್ದು ಜೋರಾಗುತ್ತಾ ಬಂತು. ಮೋಟಾರು ಇದೆಯಲ್ಲ ಎಂದು ಹುಟ್ಟನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಲಂಗರು ಮೊದಲ ಸಲ ಜಾರಿತು, ಎರಡನೆಯ ಸಲ ಕಚ್ಚಿಕೊಂಡಿತು. ನೀರು ಮತ್ತೆ ತಿರುಗುವವರೆಗೆ ನಾಲ್ಕು ಗಂಟೆ ಆ ಹಗ್ಗವನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ. ದಡದಲ್ಲಿ ನಿನ್ನ ಅತ್ತೆ ಟಾರ್ಚ್ ಹಿಡಿದು ನಿಂತಿದ್ದಳು. ಆ ಬೆಳಕು ಅತ್ತಿತ್ತ ಹೋಗಿಬರುವುದನ್ನು ನೋಡುತ್ತಾ ಕುಳಿತ ರಾತ್ರಿ ನಿನಗೆ ಬರಬಾರದು.

ಈಗ ಲೆಕ್ಕಕ್ಕೆ ಬರೋಣ. ಈ ಮೋಟಾರುಗಳ ಬಲವನ್ನು ಅಶ್ವಶಕ್ತಿಯಲ್ಲಿ ಹೇಳುವುದಿಲ್ಲ, ಪೌಂಡ್ ಥ್ರಸ್ಟ್ ಎಂದು ಹೇಳುತ್ತಾರೆ. ನೀರನ್ನು ಹಿಂದಕ್ಕೆ ತಳ್ಳುವ ಬಲ ಅದು. 55 ಪೌಂಡ್ ಎಂದರೆ ಸುಮಾರು 25 ಕಿಲೋ ತೂಕ ಎಳೆದಷ್ಟು. ಬ್ಯಾಟರಿಯಿಂದ ಅದು ಎಳೆಯುವುದು 600 ವ್ಯಾಟ್ ಆಸುಪಾಸು, ಒಂದು ಅಶ್ವಶಕ್ತಿಗೂ ಕಡಿಮೆ. ಹಾಗಾಗಿ ಧಕ್ಕೆಯಲ್ಲಿ ಕಾಣುವ ಒಂಬತ್ತು ಹತ್ತು ಅಶ್ವಶಕ್ತಿಯ ಎಂಜಿನ್ನಿನ ಜತೆ ಇದನ್ನು ಹೋಲಿಸಬೇಡ. ದೋಣಿ, ಜನ, ಸಾಮಾನು ಸೇರಿ ಪ್ರತಿ 45 ಕಿಲೋ ತೂಕಕ್ಕೆ 2 ಪೌಂಡ್ ಬೇಕು ಎನ್ನುವುದು ರೂಢಿಯ ಲೆಕ್ಕ. ನಿನ್ನ 14 ಅಡಿಯ ಫೈಬರ್ ದೋಣಿ, ನೀವಿಬ್ಬರು, ಬ್ಯಾಟರಿ, ಲಂಗರು, ಐಸ್ ಪೆಟ್ಟಿಗೆ ಎಲ್ಲ ಕೂಡಿ 330 ಕಿಲೋ ಎಂದು ಹಿಡಿ. 15 ಪೌಂಡ್ ಸಾಕು ಎಂದಾಗುತ್ತದೆ. ಆ ಲೆಕ್ಕ ಅಲುಗಾಡದ ಕೆರೆಗೆ ಸರಿ. ಗಾಳಿಯೂ ಸೆಳೆತವೂ ಇರುವ ನಮ್ಮ ಹೊಳೆಗೆ ಅದರ ಮೂರು ಪಟ್ಟು ಬೇಕು. 45ರಿಂದ 55ರ ಒಳಗಿನದನ್ನು ತೆಗೆದುಕೋ. ನೀನು ಆಸೆಪಟ್ಟ 80 ಪೌಂಡಿನದಕ್ಕೆ 24 ವೋಲ್ಟ್ ಬೇಕು, ಎಂದರೆ 12 ವೋಲ್ಟಿನ ಎರಡು ಬ್ಯಾಟರಿ. ಅಷ್ಟು ಹೊರೆ ಹೊತ್ತರೂ ವೇಗ ಹೆಚ್ಚೇನೂ ಏರದು. ಇವುಗಳ ಪಂಖವನ್ನು ಮಾಡಿರುವುದೇ ನಿಧಾನಕ್ಕೆ. ಗಂಟೆಗೆ ಐದಾರು ಕಿಲೋಮೀಟರ್ ಓಡಿದರೆ ದೊಡ್ಡದು.

ಆ ಐದಾರು ಕಿಲೋಮೀಟರನ್ನು ಇಳಿತದ ಎದುರು ಇಟ್ಟು ನೋಡು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಸೆಳೆತವೇ ಇದರ ಬಹುಪಾಲನ್ನು ತಿಂದುಹಾಕುತ್ತದೆ. ಮೇಲೆ ಗೇರುಸೊಪ್ಪೆಯ ಅಣೆಕಟ್ಟಿನಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟಿದ್ದರೆ ಅದೂ ಸೇರಿಕೊಳ್ಳುತ್ತದೆ. ಆದ್ದರಿಂದ ಹೋಗುವಾಗ ನೀರಿಗೆ ಎದುರಾಗಿ ಹೋಗು, ಬರುವಾಗ ನೀರೇ ನಿನ್ನನ್ನು ತರಲಿ. ಸೇತುವೆಯಿಂದ ಕೆಳಗೆ, ಅಳಿವೆಯ ಕಡೆಗೆ, ಈ ಮೋಟಾರನ್ನು ನಂಬಿಕೊಂಡು ಹೋಗಲೇಬೇಡ. ಜೂನ್, ಜುಲೈ ತಿಂಗಳುಗಳಲ್ಲಿ ದೋಣಿಯನ್ನು ಮೇಲೆಳೆದು ಕವುಚಿ ಹಾಕಿಬಿಡು.

ಬ್ಯಾಟರಿಯ ವಿಷಯಕ್ಕೆ ನೀನು ಕಳಿಸಿದ ವಿವರದಲ್ಲಿ ಒಂದೇ ಸಾಲು ಇದೆ, ಮನೆಯ ಇನ್ವರ್ಟರಿನ 150 ಆಂಪಿಯರ್-ಅವರ್ ಬ್ಯಾಟರಿಯನ್ನೇ ಇಟ್ಟುಕೊಳ್ಳುತ್ತೇನೆ ಎಂದು. ನನಗೆ ಹೆಚ್ಚು ಕಳವಳ ತಂದದ್ದು ಆ ಸಾಲೇ. ಬ್ಯಾಟರಿಯ ಮೈಮೇಲಿನ ಚೀಟಿಯನ್ನು ಹತ್ತಿರದಿಂದ ನೋಡು, ಸಿ20 ಎಂದು ಬರೆದಿರುತ್ತದೆ. 20 ಗಂಟೆಗಳ ಕಾಲ ಏಳೂವರೆ ಆಂಪಿಯರಿನಂತೆ ನಿಧಾನವಾಗಿ ಎಳೆದರೆ ಮಾತ್ರ ಅದು 150 ಕೊಡುತ್ತದೆ ಎಂದರ್ಥ. 55 ಪೌಂಡಿನ ಮೋಟಾರು ಪೂರ್ತಿ ವೇಗದಲ್ಲಿ 50 ಆಂಪಿಯರ್ ಎಳೆಯುತ್ತದೆ. ಅಷ್ಟು ಜೋರಾಗಿ ಎಳೆದರೆ ಸೀಸದ ಬ್ಯಾಟರಿ ಹೇಳಿದ್ದಕ್ಕಿಂತ ಬಹಳ ಮೊದಲೇ ಸೋಲುತ್ತದೆ. ಮೇಲಾಗಿ ಅದು ಒಬ್ಬರಿಂದ ಎತ್ತಲಾಗದಷ್ಟು ಭಾರ, ದೋಣಿ ಹೊಯ್ದಾಡಿದರೆ ಆಸಿಡ್ ಹೊರಗೆ ಚೆಲ್ಲುತ್ತದೆ. ಕಾರಿನ ಬ್ಯಾಟರಿಯಂತೂ ಎಂಜಿನ್ ಚಾಲೂ ಮಾಡುವ ಒಂದು ಕ್ಷಣಕ್ಕಾಗಿ ಮಾಡಿದ್ದು. ಪೂರ್ತಿ ಖಾಲಿ ಮಾಡಿ ತುಂಬಿಸುವ ಕೆಲಸಕ್ಕೆ ಹಚ್ಚಿದರೆ ಕೆಲವೇ ತಿಂಗಳಲ್ಲಿ ಸಾಯುತ್ತದೆ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಇ-ರಿಕ್ಷಾಗಳಿಗೆ ಹಾಕುವಂಥ ಸೀಸದ ಬ್ಯಾಟರಿ ತೆಗೆದುಕೋ, ಅರ್ಧಕ್ಕಿಂತ ಕೆಳಗೆ ಇಳಿಸಬೇಡ. ಆದರೆ ನನ್ನ ಮನಸ್ಸಿನ ಮಾತು ಕೇಳುವುದಾದರೆ ಮೋಟಾರಿನಲ್ಲಿ ಉಳಿಸಿ ಬ್ಯಾಟರಿಗೆ ಸುರಿ. ಲಿಥಿಯಂ ಐರನ್ ಫಾಸ್ಫೇಟಿನ 100 ಆಂಪಿಯರ್-ಅವರ್ ಬ್ಯಾಟರಿ ಹನ್ನೆರಡು ಹದಿಮೂರು ಕಿಲೋ ತೂಗುತ್ತದೆ, ಅಷ್ಟೇ ಅಳತೆಯ ಸೀಸದ್ದರ ಅರ್ಧಕ್ಕೂ ಕಡಿಮೆ, ಮತ್ತು ತುಂಬಿಸಿದ್ದೆಲ್ಲ ಬಳಕೆಗೆ ಬರುತ್ತದೆ. ಕೊಳ್ಳುವಾಗ ಒಂದು ಪ್ರಶ್ನೆ ತಪ್ಪದೆ ಕೇಳು: ಇದರೊಳಗಿನ ಬಿಎಂಎಸ್, ಎಂದರೆ ಬ್ಯಾಟರಿಯನ್ನು ಕಾಯುವ ನಿಯಂತ್ರಣ ಫಲಕ, ಎಷ್ಟು ಆಂಪಿಯರನ್ನು ಎಡೆಬಿಡದೆ ಕೊಡಲು ಬಿಡುತ್ತದೆ? 50ಕ್ಕೇ ತಡೆಯುವಂಥದ್ದಾದರೆ ನಡುಹೊಳೆಯಲ್ಲಿ ನಿನಗೆ ಬಲ ಬೇಕಾದ ಹೊತ್ತಿಗೇ ಅದು ಕೈಕೊಡಬಹುದು. 100 ಇರುವುದನ್ನು ತೆಗೆದುಕೋ. ಚಾರ್ಜರನ್ನೂ ಅದಕ್ಕೆ ಹೊಂದುವುದನ್ನೇ ಕೊಳ್ಳು.

ಇಂಥ ಬ್ಯಾಟರಿ ಪೂರ್ತಿ ವೇಗದಲ್ಲಿ ಎರಡು ಗಂಟೆ ಬರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ನೀರಿನಲ್ಲಿ ದೋಣಿ ತಳ್ಳಲು ಬೇಕಾಗುವ ಶಕ್ತಿ ಸುಮಾರು ಎಂಟನೇ ಒಂದು ಪಾಲಿಗೆ ಬರುತ್ತದೆ. ಗಾಳ ಎಳೆಯುವ ನಡಿಗೆಯಲ್ಲಿ ಇಡೀ ಬೆಳಗು ತಿರುಗಾಡಬಹುದು. ಆದರೆ ಮುಂದಕ್ಕೆ ಐದು ಗೇರ್, ಹಿಂದಕ್ಕೆ ಮೂರು ಗೇರ್ ಎಂದು ಮಾರುವ ಅಗ್ಗದ ಮೋಟಾರುಗಳು ನಿಧಾನದಲ್ಲಿ ಉಳಿದ ವಿದ್ಯುತ್ತನ್ನು ಸುರುಳಿಗಳಲ್ಲಿ ಬಿಸಿಯಾಗಿ ಸುಟ್ಟುಬಿಡುತ್ತವೆ. ಹಿಡಿಕೆ ತಿರುಗಿಸಿದಂತೆ ಒಂದೇ ಸಮ ಏರಿ ಇಳಿಯುವ ಪಿಡಬ್ಲ್ಯುಎಂ ನಿಯಂತ್ರಣದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ನಿನ್ನ ಮೂರು ಚಿತ್ರಗಳಲ್ಲಿ ಎರಡನೆಯದು ಅಂಥದ್ದು.

ವೈರು 10 ಚದರ ಮಿಲಿಮೀಟರಿಗಿಂತ ಸಣ್ಣದು ಬೇಡ. ಬ್ಯಾಟರಿಯನ್ನು ದೋಣಿಯ ಮೂತಿಯ ಕಡೆ ಇಟ್ಟು ಉದ್ದ ಎಳೆಯುವುದಾದರೆ 16 ಹಾಕು. ಬ್ಯಾಟರಿಯ ಬುಡದಲ್ಲೇ 60 ಆಂಪಿಯರಿನ ಬ್ರೇಕರ್ ಇರಲಿ. ಪಂಖಕ್ಕೆ ಏನಾದರೂ ಸಿಕ್ಕಿಕೊಂಡು ನಿಂತರೆ ವೈರು ಉರಿಯುವ ಬದಲು ಅದು ಬೀಳುತ್ತದೆ.

ಹಿಂಬದಿ ಹಲಗೆಯ ಮೇಲಂಚಿನಿಂದ ನೀರಿನವರೆಗೆ ಟೇಪು ಹಿಡಿದು ಅಳೆದು, ಅದಕ್ಕೆ 20 ಇಂಚು ಕೂಡಿಸಿ ಶಾಫ್ಟಿನ, ಎಂದರೆ ಮೋಟಾರನ್ನು ನೀರಿಗಿಳಿಸುವ ಕೊಳವೆಯ, ಉದ್ದವನ್ನು ಅಂಗಡಿಯಲ್ಲಿ ಹೇಳು. ಜನ ಕೂತಾಗ ಅಳೆ, ಖಾಲಿ ದೋಣಿಯನ್ನು ಅಳೆಯಬೇಡ. ಇನ್ನು ಉಪ್ಪುನೀರಿಗೆಂದೇ ಮಾಡಿದ ಮೋಟಾರನ್ನೇ ಕೊಳ್ಳು. ಸಿಹಿನೀರಿನದು ಅಗ್ಗವೆಂದು ತಂದರೆ ಬೇಸಿಗೆ ಮುಗಿಯುವುದರೊಳಗೆ ಅದರ ಅಲ್ಯೂಮಿನಿಯಂ ಭಾಗಕ್ಕೆ ಬಿಳಿ ಪುಡಿ ಹಿಡಿಯುತ್ತದೆ. ಪಂಖದ ಬಳಿ ಸತುವಿನ ಒಂದು ತುಂಡು ಇರುತ್ತದೆ, ಮೋಟಾರಿನ ಬದಲು ತಾನು ಸವೆಯಲೆಂದು ಇಟ್ಟದ್ದು. ಅದಕ್ಕೆ ಬಣ್ಣ ಬಳಿಯಬೇಡ, ಅರ್ಧ ಸವೆದಾಗ ಬದಲಿಸು. ಮನೆಗೆ ಬಂದ ಕೂಡಲೇ ಬಾವಿಯ ನೀರಿನಲ್ಲಿ ತೊಳೆ.

ಮತ್ತೊಂದು ಮಾತು. ನಾಲ್ಕೈದು ಸಲ ಹೋಗಿಬಂದ ಮೇಲೆ ಪಂಖ ಬಿಚ್ಚಿ ನೋಡು. ಕೂದಲಿನಂಥ ನೈಲಾನ್ ದಾರ ಅಚ್ಚಿಗೆ ಸುತ್ತಿಕೊಂಡಿರುತ್ತದೆ. ಅದು ಸೀಲನ್ನು ಕೊಯ್ದರೆ ಒಳಗೆ ಉಪ್ಪುನೀರು ಹೋಗುತ್ತದೆ, ಆಮೇಲೆ ಯಾರೂ ಅದನ್ನು ಸರಿಮಾಡಲಾರರು. ಪಂಖದ ಪಿನ್ನು, ನಟ್ಟು ಒಂದೊಂದು ಹೆಚ್ಚಿಗೆ ತಂದಿಟ್ಟುಕೋ.

ಹಣ ಕೊಡುವ ಮೊದಲು ಒಮ್ಮೆ ಇಲ್ಲಿಗೆ ಬಾ. ಬರುವ ಅಷ್ಟಮಿಯ ದಿನ ನೀರು ಮಂದವಾಗಿರುತ್ತದೆ. ನನ್ನ ಮೋಟಾರನ್ನು ನಿನ್ನ ದೋಣಿಗೆ ಕಟ್ಟಿ ಮಾವಿನಕುರ್ವೆಯವರೆಗೆ ಹೋಗಿಬರೋಣ, ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಮೀಟರ್ ಹಿಡಿದು ತೋರಿಸುತ್ತೇನೆ. ತಂಗಿಗೆ ನನ್ನ ನೆನಪು ತಿಳಿಸು. ಅತ್ತೆ ಒಣಸಿಗಡಿ ಕಟ್ಟಿ ಇಟ್ಟಿದ್ದಾಳೆ. ಬರುವಾಗ ಹುಟ್ಟನ್ನೂ ಎರಡು ಲೈಫ್ ಜಾಕೆಟನ್ನೂ ದೋಣಿಯಲ್ಲಿ ಹಾಕಿಕೊಂಡೇ ಬಾ.

ಇತಿ ನಿನ್ನ
ಮಾವ