ಕೋಲ್ಡ್ ಏರ್ ಇಂಟೇಕ್ ಕಿಟ್ ಕೂರಿಸೋದು ನಿಲ್ಲಿಸ್ತಾ ಇದೀವಿ, ಯಾಕೆ ಅಂತ ಸ್ವಲ್ಪ ವಿವರವಾಗಿ

ನಮ್ಮ ಎಲ್ಲಾ ಗಿರಾಕಿಗಳಿಗೂ ನಮಸ್ಕಾರ,

ವಿಷಯ ಮೊದಲು ಹೇಳಿಬಿಡ್ತೀವಿ. ಬರೋ ತಿಂಗಳ ಒಂದನೇ ತಾರೀಖಿಂದ ನಮ್ಮ ಹೊಸಪೇಟೆ ಗ್ಯಾರೇಜಲ್ಲಿ ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಪಂಪು) ಇಲ್ಲದ ಪೆಟ್ರೋಲ್ ಕಾರುಗಳಿಗೆ ಕೋಲ್ಡ್ ಏರ್ ಇಂಟೇಕ್ ಕಿಟ್ (ಇಂಜಿನ್‌ಗೆ ತಣ್ಣಗಿನ ಗಾಳಿ ಜಾಸ್ತಿ ಹೋಗಲಿ ಅಂತ ಕಂಪನಿ ಏರ್ ಫಿಲ್ಟರ್ ಬಾಕ್ಸ್ ಬದಲು ಹಾಕೋ ಪೈಪು, ಫಿಲ್ಟರ್) ಆಗ್ಲಿ ಬರೀ ಕೋನ್ ಫಿಲ್ಟರ್ (ಶಂಕುವಿನ ಆಕಾರದ ಬಿಡಿ ಏರ್ ಫಿಲ್ಟರ್) ಆಗ್ಲಿ ಮಾರೋದಿಲ್ಲ, ನೀವೇ ಆನ್‌ಲೈನಲ್ಲಿ ತರಿಸ್ಕೊಂಡು ಬಂದ್ರೂ ಕೂರಿಸಿ ಕೊಡೋದಿಲ್ಲ. ಸ್ಟಾಕ್, ಅಂದ್ರೆ ಕಂಪನಿಯಿಂದ ಬಂದ ಹಾಗೇ ಇರೋ, ಡೀಸೆಲ್ ಗಾಡಿಗಳಿಗೂ ಅಷ್ಟೇ. ಟರ್ಬೋ ಪೆಟ್ರೋಲ್‌ಗೆ ಮಾತ್ರ, ಅದೂ ರಿಮ್ಯಾಪ್ (ಇಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಾವಣೆ) ಮಾಡಿಸಿರೋ ಗಾಡಿ ಆದ್ರೆ, ಸ್ಕ್ಯಾನರ್ ಹಾಕಿ ನೋಡಿ ಆಮೇಲೆ ಮಾತಾಡೋಣ. ಅಡ್ವಾನ್ಸ್ ಕೊಟ್ಟಿರೋರು ಗಾಬರಿ ಆಗ್ಬೇಡಿ, ಅದರ ವಿಷಯ ಕೊನೇಲಿ ಬರೆದಿದೀವಿ.

ಈ ಐಟಂ ಮೇಲೆ ಮಾರ್ಜಿನ್ ಚೆನ್ನಾಗೇ ಇತ್ತು, ಅದನ್ನ ಮುಚ್ಚಿಡೋದೇನಿಲ್ಲ. ಕಾಲೇಜು ಹುಡುಗ್ರು, ಹೊಸದಾಗಿ ಕಾರು ತಗೊಂಡೋರು ಬಂದು ಮೊದಲು ಕೇಳೋದೇ ಇದು. "ಪಿಕಪ್ ಬರುತ್ತಾ ಅಣ್ಣ?" ಅಂತ. ಅದಕ್ಕೆ ಒಂದೇ ಸಲ ಎಲ್ಲರಿಗೂ ಉತ್ತರ ಬರೆದುಬಿಡೋಣ ಅಂತ ಕೂತ್ವಿ, ಸ್ವಲ್ಪ ಉದ್ದ ಆಗಿದೆ, ಓದಿ.

ಐಡಿಯಾ ಸುಳ್ಳಲ್ಲ. ತಣ್ಣಗಿನ ಗಾಳಿ ದಟ್ಟವಾಗಿರುತ್ತೆ, ಅಷ್ಟೇ ಜಾಗದಲ್ಲಿ ಆಕ್ಸಿಜನ್ ಜಾಸ್ತಿ ಹಿಡಿಸುತ್ತೆ, ಆಕ್ಸಿಜನ್ ಜಾಸ್ತಿ ಆದ್ರೆ ಪೆಟ್ರೋಲ್ ಜಾಸ್ತಿ ಸುಡಬಹುದು, ಪವರ್ ಬರುತ್ತೆ. ಗಾಳಿ 10 ಡಿಗ್ರಿ ತಣ್ಣಗಾದ್ರೆ ಸಾಂದ್ರತೆ ಹೆಚ್ಚುಕಮ್ಮಿ ಶೇಕಡಾ 3 ಜಾಸ್ತಿ ಆಗುತ್ತೆ, ಇದು ಸೈನ್ಸ್, ಯಾರೂ ತಕರಾರು ಮಾಡೋ ಹಾಗಿಲ್ಲ. ಪ್ರಶ್ನೆ ಇರೋದು ಬೇರೆ. ಕಂಪನಿಯಿಂದ ಬಂದಿರೋ ಏರ್ ಬಾಕ್ಸ್ ಈಗಾಗ್ಲೇ ಬಿಸಿ ಗಾಳಿ ಎಳೀತಾ ಇದ್ಯಾ ಅನ್ನೋದು. ನಿಮ್ಮ ಕಾರಿನ ಬಾನೆಟ್ ಎತ್ತಿ, ಏರ್ ಬಾಕ್ಸಿಂದ ಮುಂದಕ್ಕೆ ಹೋಗಿರೋ ಪ್ಲಾಸ್ಟಿಕ್ ಪೈಪ್ ಹಿಡ್ಕೊಂಡು ಹೋಗಿ ನೋಡಿ. ಬಹಳಷ್ಟು ಕಾರುಗಳಲ್ಲಿ ಅದರ ಬಾಯಿ ಗ್ರಿಲ್ ಹಿಂದೆ ರೇಡಿಯೇಟರ್ ಮೇಲೆ ಇರುತ್ತೆ, ಇಲ್ಲಾಂದ್ರೆ ಹೆಡ್‌ಲೈಟ್ ಪಕ್ಕ, ಫೆಂಡರ್ ಒಳಗೆ. ಅಂದ್ರೆ ಗಾಡಿ ಓಡ್ತಾ ಇದ್ದಾಗ ಹೊರಗಿನ ಗಾಳೀನೇ ಒಳಗೆ ಹೋಗ್ತಾ ಇದೆ. ನಿಮ್ಮ ಕಾರಲ್ಲಿ ಕೋಲ್ಡ್ ಏರ್ ಇಂಟೇಕ್ ಶೋರೂಮಿಂದಾನೇ ಬಂದಿದೆ, ಕಿಟ್‌ಗಳ ಥರ ಕೆಂಪು ಬಣ್ಣ ಇಲ್ಲ ಅಷ್ಟೇ.

ಈಗ ಎಷ್ಟು ಪವರ್ ಸಿಗಬಹುದು ಅಂತ ಒಂದು ಲೆಕ್ಕ ಹಾಕೋಣ. 2018ರ ಸ್ವಿಫ್ಟ್ ಪೆಟ್ರೋಲ್ ತಗೊಳ್ಳಿ, 1197 ಸಿಸಿ, 6000 ಆರ್‌ಪಿಎಮ್‌ಗೆ 83 ಪಿಎಸ್ (ಹೆಚ್ಚುಕಮ್ಮಿ ಹಾರ್ಸ್‌ಪವರ್). ಇಂಜಿನ್ ಎರಡು ಸುತ್ತು ತಿರುಗಿದ್ರೆ ಒಂದು ಸಲ ಸಿಲಿಂಡರ್ ತುಂಬುತ್ತೆ, ಹಾಗಾಗಿ ಫುಲ್ ಆಕ್ಸಿಲರೇಟರಲ್ಲಿ ಆ ಸ್ಪೀಡಿಗೆ ಸೆಕೆಂಡಿಗೆ ಸುಮಾರು 50ರಿಂದ 60 ಲೀಟರ್ ಗಾಳಿ ಎಳೆಯುತ್ತೆ. ಕಂಪನಿ ಇಂಜಿನಿಯರ್‌ಗಳು ಅಷ್ಟು ಗಾಳಿ ಆರಾಮಾಗಿ ಹೋಗೋ ಹಾಗೇ ಫಿಲ್ಟರ್ ಸೈಜ್ ಇಟ್ಟಿರ್ತಾರೆ. ಫಿಲ್ಟರ್, ಬಾಕ್ಸ್, ಪೈಪ್ ಎಲ್ಲಾ ಸೇರಿ 2 ಕಿಲೋಪಾಸ್ಕಲ್ ಪ್ರೆಶರ್ ಲಾಸ್ ಇದೆ ಅಂತಾನೇ ಇಟ್ಕೊಳ್ಳಿ, ಕಿಟ್ ಹಾಕಿ ಅದನ್ನ ಅರ್ಧಕ್ಕೆ ಇಳಿಸಿದ್ರಿ ಅಂತಾನೂ ಇಟ್ಕೊಳ್ಳಿ. ಹೊರಗಿನ ಗಾಳಿ ಒತ್ತಡ 100 ಕಿಲೋಪಾಸ್ಕಲ್ ಹತ್ರ. ಸಿಕ್ಕಿದ್ದು ಶೇಕಡಾ 1. ಅಂದ್ರೆ 83ರಲ್ಲಿ ಒಂದು ಪಿಎಸ್ ಕೂಡ ಪೂರ್ತಿ ಇಲ್ಲ. ಒಂದೇ ಕಾರನ್ನ ಡೈನೋ (ಪವರ್ ಅಳೆಯೋ ಮಷೀನು) ಮೇಲೆ ಎರಡು ಸಲ ಓಡಿಸಿದ್ರೂ ಅಷ್ಟು ವ್ಯತ್ಯಾಸ ಸುಮ್ನೆ ಬರುತ್ತೆ. ಗಾಳಿ ಮುಂದಿಂದ ನುಗ್ಗಿ ಪ್ರೆಶರ್ ಕೊಡುತ್ತೆ ಅಂತಾರಲ್ಲ, ಗಂಟೆಗೆ 100 ಕಿಲೋಮೀಟರ್ ಸ್ಪೀಡಲ್ಲಿ ಅದರಿಂದ ಸಿಗೋದು ಹೆಚ್ಚೆಂದ್ರೆ ಅರ್ಧ ಕಿಲೋಪಾಸ್ಕಲ್ ಒಳಗೆ.

ಇದೂ ಸಿಗೋದು ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ. ನಾವು ದಿನಾ ಓಡಿಸೋದು ಕಾಲು ಭಾಗ ತುಳಿದು. ಆಗ ಇಂಜಿನ್‌ಗೆ ಗಾಳಿ ಬಿಡೋ ಮುಚ್ಚಳ, ಥ್ರಾಟಲ್ ಪ್ಲೇಟೇ ಮುಕ್ಕಾಲು ಮುಚ್ಚಿರುತ್ತೆ, ಗಾಳಿಗೆ ಅಡ್ಡ ನಿಂತಿರೋದು ಅದು, ಫಿಲ್ಟರ್ ಅಲ್ಲ. ನಲ್ಲಿ ಅರ್ಧಂಬರ್ಧ ತಿರುಗಿಸಿಟ್ಟು ಟ್ಯಾಂಕಿಂದ ಬರೋ ಪೈಪ್ ದಪ್ಪದು ಹಾಕಿಸಿದ ಹಾಗೆ. ಮೈಲೇಜ್ ಬರುತ್ತೆ ಅಂತ ಡಬ್ಬದ ಮೇಲೆ ಬರೆದಿರ್ತಾರಲ್ಲ, ಅದೂ ಇದೇ ಕಾರಣಕ್ಕೆ ನಿಲ್ಲಲ್ಲ. ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿಯವರು 2009ರಲ್ಲಿ ಬೇಕಂತಲೇ ಬ್ಲಾಕ್ ಮಾಡಿದ ಏರ್ ಫಿಲ್ಟರ್ ಹಾಕಿ ಟೆಸ್ಟ್ ಮಾಡಿದ್ರು, ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಮೈಲೇಜ್ ಹೇಳ್ಕೊಳ್ಳೋ ಹಾಗೆ ಬದಲಾಗಲಿಲ್ಲ. ಅಷ್ಟು ಬ್ಲಾಕ್ ಆದ ಫಿಲ್ಟರ್ ಇದ್ರೇನೇ ಮೈಲೇಜ್ ಇಳಿಯಲ್ಲ ಅಂದ್ಮೇಲೆ ಚೆನ್ನಾಗಿರೋ ಫಿಲ್ಟರ್ ತೆಗೆದು ಇನ್ನೊಂದು ಹಾಕಿದ್ರೆ ಎಲ್ಲಿಂದ ಏರುತ್ತೆ ಹೇಳಿ. ಆದ್ರೆ ಅದೇ ಟೆಸ್ಟಲ್ಲಿ ಪಿಕಪ್ ವ್ಯತ್ಯಾಸ ಕಾಣಿಸ್ತು, ಬ್ಲಾಕ್ ಆದ ಫಿಲ್ಟರ್ ತೆಗೆದು ಹೊಸದು ಹಾಕಿದ್ರೆ ಶೇಕಡಾ 6ರಿಂದ 11ರಷ್ಟು ಚುರುಕಾಯ್ತು ಅಂತ. ಈ ಮಾತು ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

ಡೀಸೆಲ್‌ನವರು ಇನ್ನೂ ಜೋರಾಗಿ ಕೇಳ್ತಾರೆ. ಡೀಸೆಲ್ ಇಂಜಿನ್ ಯಾವಾಗ್ಲೂ ಬೇಕಾದ್ದಕ್ಕಿಂತ ಜಾಸ್ತಿ ಗಾಳೀಲೇ ಓಡುತ್ತೆ, ಪವರ್ ನಿರ್ಧಾರ ಆಗೋದು ಎಷ್ಟು ಡೀಸೆಲ್ ಸ್ಪ್ರೇ ಆಯ್ತು ಅನ್ನೋದ್ರ ಮೇಲೆ. ಇಸಿಯು (ಇಂಜಿನ್ ಕಂಪ್ಯೂಟರ್) ಮುಟ್ಟದೆ ಬರೀ ಗಾಳಿ ಜಾಸ್ತಿ ಬಿಟ್ರೆ ಏನೂ ಆಗಲ್ಲ, ಬಿಡಿ.

ಈಗ ನಮ್ಮೂರಿನ ವಿಷಯಕ್ಕೆ ಬರೋಣ, ನಾವು ನಿಲ್ಲಿಸೋಕೆ ನಿಜವಾದ ಕಾರಣ ಇಲ್ಲಿರೋದು. ಕಮ್ಮಿ ದುಡ್ಡಿನ ಕಿಟ್‌ಗಳಲ್ಲಿ ಕೋನ್ ಫಿಲ್ಟರ್ ಬಂದು ಕೂರೋದು ಇಂಜಿನ್ ಪಕ್ಕದಲ್ಲೇ, ಸುತ್ತ ಬಾಕ್ಸ್ ಇಲ್ಲ, ಏನೂ ಇಲ್ಲ. ಹೆಸರು ಕೋಲ್ಡ್ ಏರ್, ಎಳೆಯೋದು ರೇಡಿಯೇಟರ್ ಫ್ಯಾನ್ ಹಿಂದಕ್ಕೆ ಬಿಡೋ ಬಿಸಿ ಗಾಳಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಹೊರಗಡೇನೇ 40 ಡಿಗ್ರಿ ಇರುತ್ತೆ. ಅಂಥ ಮಧ್ಯಾಹ್ನ ಓಪನ್ ಫಿಲ್ಟರ್ ಹಾಕಿರೋ ಕಾರಿಗೆ ಸ್ಕ್ಯಾನರ್ ಚುಚ್ಚಿ, ಎಸಿ ಆನ್ ಮಾಡಿ, ಬಸ್‌ಸ್ಟಾಂಡ್ ಕಡೆ ಟ್ರಾಫಿಕ್ಕಲ್ಲಿ ಒಂದು ರೌಂಡ್ ಹೊಡೆದು ಇಂಟೇಕ್ ಟೆಂಪರೇಚರ್ ನೋಡಿ, ಸಿಗ್ನಲಲ್ಲಿ ನಿಂತ ಹಾಗೆ ನಂಬರ್ ಏರ್ತಾ ಹೋಗಿ 60 ದಾಟುತ್ತೆ, ಮತ್ತೆ ಇಳಿಯೋಕೆ ಖಾಲಿ ರೋಡಲ್ಲಿ ಒಳ್ಳೆ ಓಟ ಬೇಕು. 40ರಿಂದ 60ಕ್ಕೆ ಹೋದ್ರೆ ಗಾಳಿ ಸಾಂದ್ರತೆ ಶೇಕಡಾ 6 ಖೋತಾ. ಅದರ ಮೇಲೆ ಇಸಿಯು, ಗಾಳಿ ಇಷ್ಟು ಬಿಸಿ ಇದೆ, ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿ ಇಂಜಿನ್ ಬಡಿಯೋದು) ಆಗ್ಬಾರ್ದು ಅಂತ ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತೆ, ಅಂದ್ರೆ ಕಿಡಿ ತಡವಾಗಿ ಕೊಡುತ್ತೆ, ಇನ್ನೂ ಸ್ವಲ್ಪ ಪವರ್ ಹೋಯ್ತು. ಒಂದು ಪಿಎಸ್ ಆಸೆಗೆ ಹೋಗಿ ನಾಲ್ಕೈದು ಕಳ್ಕೊಂಡು ಬರೋ ವ್ಯಾಪಾರ ಇದು. ಸ್ಟಾಕ್ ಬಾಕ್ಸಲ್ಲೂ ಟ್ರಾಫಿಕ್ಕಲ್ಲಿ ಬಿಸಿ ಏರುತ್ತೆ, ಇಲ್ಲ ಅನ್ನಲ್ಲ, ಆದ್ರೆ ಕಮ್ಮಿ ಏರುತ್ತೆ, ಗಾಡಿ ಮೂವ್ ಆದ ತಕ್ಷಣ ಬೇಗ ಇಳಿಯುತ್ತೆ.

ಇನ್ನು ಧೂಳು. ಸಂಡೂರು ರೋಡಲ್ಲಿ ಅದಿರು ಲಾರಿ ಹಿಂದೆ ಹೋದೋರಿಗೆ ನಾವೇನು ಹೇಳೋದು, ಗಾಡಿ ಯಾವ ಬಣ್ಣದ್ದಿದ್ರೂ ವಾಪಸ್ ಬರೋವಾಗ ಒಂದೇ ಬಣ್ಣ. ಫಿಲ್ಟರ್ ಅನ್ನೋದರಲ್ಲಿ ಮೂರು ಗುಣ ಇರುತ್ತೆ, ಗಾಳಿ ಎಷ್ಟು ಸಲೀಸಾಗಿ ಬಿಡುತ್ತೆ, ಎಷ್ಟು ಸಣ್ಣ ಧೂಳು ಹಿಡಿಯುತ್ತೆ, ಬ್ಲಾಕ್ ಆಗೋ ಮುಂಚೆ ಎಷ್ಟು ಧೂಳು ತಡ್ಕೊಳ್ಳುತ್ತೆ. ಐಎಸ್ಒ 5011 ಅಂತ ಸ್ಟ್ಯಾಂಡರ್ಡ್ ಟೆಸ್ಟ್ ಇರೋದೇ ಇವನ್ನ ಅಳೆಯೋಕೆ. ಒಂದನ್ನ ಎಳೆದ್ರೆ ಇನ್ನೊಂದು ಸಾಮಾನ್ಯವಾಗಿ ಇಳಿಯುತ್ತೆ. ಗಾಳಿ ಜಾಸ್ತಿ ಬಿಡೋ ಹತ್ತಿ ಬಟ್ಟೆ ಫಿಲ್ಟರ್‌ಗೆ ಎಣ್ಣೆ ಹಚ್ಚೋದು ಯಾಕೆ, ಧೂಳು ಅಂಟ್ಕೊಳ್ಳಲಿ ಅಂತ. ಒಳ್ಳೆ ಬ್ರ್ಯಾಂಡಿಂದು ಸರಿಯಾಗಿ ತೊಳೆದು ಸರಿಯಾಗಿ ಎಣ್ಣೆ ಹಾಕಿದ್ರೆ ಪರವಾಗಿಲ್ಲ, ಆದ್ರೆ ಎಣ್ಣೆ ಕಮ್ಮಿ ಆದ್ರೆ ಧೂಳು ಒಳಗೆ, ಜಾಸ್ತಿ ಆದ್ರೆ ಎಣ್ಣೆ ಹೋಗಿ ಏರ್‌ಫ್ಲೋ ಸೆನ್ಸರ್ ತಂತಿ ಮೇಲೆ ಕೂತು ಚೆಕ್ ಇಂಜಿನ್ ಲೈಟು. ಮಾರ್ಕೆಟ್ಟಲ್ಲಿ ಸಿಗೋದ್ರಲ್ಲಿ ಡೂಪ್ಲಿಕೇಟೇ ಜಾಸ್ತಿ ಅನ್ನೋದು ಬೇರೆ ಕಥೆ.

ಟೆಸ್ಟ್ ನೀವೇ ಮಾಡಬಹುದು, ಲ್ಯಾಬ್ ಬೇಡ. ಇಂಜಿನ್ ಆಫ್ ಇದ್ದಾಗ ಫಿಲ್ಟರ್ ಕಳಚಿ, ಫಿಲ್ಟರ್ ಆದ ಮೇಲೆ ಥ್ರಾಟಲ್ ಕಡೆ ಹೋಗೋ ಪೈಪ್ ಒಳಗೆ ಬಿಳಿ ಬನಿಯನ್ ಬಟ್ಟೆ ಬೆರಳಿಗೆ ಸುತ್ಕೊಂಡು ಒರೆಸಿ ನೋಡಿ. ಸ್ಟಾಕ್ ಪೇಪರ್ ಫಿಲ್ಟರ್ ಸರಿಯಾಗಿ ಕೂತಿರೋ ಕಾರಲ್ಲಿ ಬಟ್ಟೆ ಹೆಚ್ಚುಕಮ್ಮಿ ಕ್ಲೀನ್, ಒಂಚೂರು ಎಣ್ಣೆ ಪಸೆ ಇರಬಹುದು. ನಮ್ಮ ಹತ್ರ ಬರೋ ಕೋನ್ ಫಿಲ್ಟರ್ ಗಾಡಿಗಳಲ್ಲಿ ಬಟ್ಟೆ ತುದಿ ಕುಂಕುಮ ಮುಟ್ಟಿದ ಬೆರಳಿನಷ್ಟು ಕೆಂಪಾಗಿ ಬರುತ್ತೆ. ಆ ಕೆಂಪು ಪುಡಿ ಮುಂದಕ್ಕೆ ಹೋಗಿ ಸಿಲಿಂಡರ್ ಗೋಡೆಗೂ ಪಿಸ್ಟನ್ ರಿಂಗಿಗೂ ಮಧ್ಯೆ ಸಿಕ್ಕಾಕೊಂಡು ಉಜ್ಜುತ್ತೆ, ವರ್ಷ ಕಳೆದಂಗೆ ಕಂಪ್ರೆಷನ್ ಇಳಿಯುತ್ತೆ, ಇಂಜಿನ್ ಆಯಿಲ್ ಕುಡಿಯೋಕೆ ಶುರು ಮಾಡುತ್ತೆ. ಆಗ ಯಾರೂ ಫಿಲ್ಟರ್‌ನ ಬೈಯಲ್ಲ, ಗಾಡಿ ಸರಿ ಇಲ್ಲ ಅಂತಾರೆ.

ದುಬಾರಿ ಕಿಟ್ ಇದೆಯಲ್ಲ, ಫಿಲ್ಟರ್‌ನ ಬಂಪರ್ ಹಿಂದೆ ಕೆಳಗಡೆ ಇಡೋದು, ಅದರಲ್ಲಿ ಶಾಖದ ಸಮಸ್ಯೆ ಇಲ್ಲ, ನಿಜವಾಗ್ಲೂ ಹೊರಗಿನ ಗಾಳಿ ಸಿಗುತ್ತೆ. ಅಲ್ಲಿ ನೀರು. ನಿಮ್ಮಲ್ಲಿ ಬಹಳ ಜನ ಬೆಂಗಳೂರಿಗೆ ಓಡಾಡೋರು, ಮಕ್ಕಳು ಅಲ್ಲೇ ಕೆಲಸಕ್ಕೆ ಇರೋರು, ಒಂದು ಗಂಟೆ ಮಳೆ ಬಂದ್ರೆ ಅಲ್ಲಿನ ಅಂಡರ್‌ಪಾಸ್ ಏನಾಗುತ್ತೆ ಗೊತ್ತಲ್ಲ. ಫಿಲ್ಟರ್ ನೀರಲ್ಲಿ ಮುಳುಗಿದ್ರೆ ಇಂಜಿನ್ ಗಾಳಿ ಬದಲು ನೀರು ಎಳೆಯುತ್ತೆ, ನೀರನ್ನ ಗಾಳಿ ಥರ ಒತ್ತೋಕಾಗಲ್ಲ, ಪಿಸ್ಟನ್ ಮೇಲೆ ಬರ್ತಾ ಬರ್ತಾ ಅಲ್ಲೇ ಕಚ್ಚಿಕೊಂಡು ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಹೈಡ್ರೋಲಾಕ್ ಅನ್ನೋದು ಇದೇ. ಇಂಜಿನ್ ಪ್ರೊಟೆಕ್ಷನ್ ಆಡ್-ಆನ್ ಇಲ್ಲದ ಮಾಮೂಲಿ ಪಾಲಿಸಿಯಲ್ಲಿ ಇದಕ್ಕೆ ಸಾಮಾನ್ಯವಾಗಿ ಕ್ಲೇಮ್ ಸಿಗಲ್ಲ, ಆಡ್-ಆನ್ ಇದ್ರೂ ಸರ್ವೇಯರ್ ಬಂದು ಬಾನೆಟ್ ಎತ್ತಿ ಹೊರಗಿಂದ ತಂದು ಹಾಕಿಸಿದ ಪೈಪ್ ನೋಡಿದ್ರೆ ಮಾತು ಬೇರೆ ಕಡೆ ತಿರುಗುತ್ತೆ. ವಾರಂಟಿ ಇರೋ ಗಾಡಿಗೂ ಶೋರೂಮಲ್ಲಿ ಇದೇ ರಗಳೆ. ಕಾನೂನು ಕಡೆಯಿಂದಾನೂ, 2019ರ ತಿದ್ದುಪಡಿ ಆದ್ಮೇಲೆ ಅನುಮತಿ ಇಲ್ಲದ ಮಾರ್ಪಾಡಿಗೆ ಒಂದೊಂದಕ್ಕೆ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಮೋಟಾರು ವಾಹನ ಕಾಯ್ದೆಯಲ್ಲಿದೆ. ರೋಡಲ್ಲಿ ಪೊಲೀಸರ ಕಣ್ಣಿಗೆ ಬೀಳೋದು ಸೈಲೆನ್ಸರು, ಅದು ಬೇರೆ ಮಾತು.

ಹಾಗಾದ್ರೆ ಹಾಕಿಸಿಕೊಂಡೋರೆಲ್ಲ "ಸೂಪರ್ ಪಿಕಪ್ ಅಣ್ಣ" ಅಂತ ಸುಳ್ಳು ಹೇಳಿದ್ರಾ? ಇಲ್ಲ, ಅವರಿಗೆ ಹಾಗೇ ಅನ್ನಿಸಿದೆ. ಮೊದಲನೇದು ಸೌಂಡ್. ಸ್ಟಾಕ್ ಬಾಕ್ಸಲ್ಲಿ ಒಂದು ಖಾಲಿ ಡಬ್ಬಿ ಥರದ್ದು ಇರುತ್ತೆ, ರೆಸೊನೇಟರ್, ಗಾಳಿ ಎಳೆಯೋ ಸದ್ದನ್ನ ನುಂಗೋಕೆ ಇರೋದು ಅದು. ತೆಗೆದ ತಕ್ಷಣ ಆಕ್ಸಿಲರೇಟರ್ ತುಳಿದಾಗ 'ಹೂಂ' ಅಂತ ಗುಟುರು ಕೇಳುತ್ತೆ, ಸದ್ದು ಜೋರಾದ್ರೆ ಸ್ಪೀಡೂ ಜೋರು ಅಂತ ಮನಸ್ಸು ಒಪ್ಪಿಬಿಡುತ್ತೆ. ಎರಡನೇದು ಮೇಲೆ ಹೇಳಿದ್ನಲ್ಲ ಅದು, ತುಂಬಾ ಜನರ ಗಾಡೀಲಿ ಕಿಟ್ ಹಾಕೋಕೆ ತೆಗೆದ ಹಳೇ ಫಿಲ್ಟರ್ ಅದಿರು ಧೂಳಲ್ಲಿ ಗಟ್ಟಿ ರೊಟ್ಟಿ ಆಗಿರುತ್ತೆ, ಅಲ್ಲಿಗೆ ಮೂರ್ನಾಲ್ಕು ನೂರು ರೂಪಾಯಿ ಹೊಸ ಪೇಪರ್ ಫಿಲ್ಟರ್ ಹಾಕಿದ್ರೂ ಅದೇ ಪಿಕಪ್ ಬರ್ತಿತ್ತು. ಸೌಂಡೇ ಬೇಕು, ಪವರ್ ಬೇಡ ಅನ್ನೋರೂ ಇದಾರೆ, ಅದು ಅವರ ಖುಷಿ, ನಾವು ತಪ್ಪು ಅನ್ನಲ್ಲ, ಕೂರಿಸೋದು ನಮ್ಮಲ್ಲಿ ಬೇಡ ಅಂತಷ್ಟೇ.

ಟರ್ಬೋ ಪೆಟ್ರೋಲ್ ಯಾಕೆ ಬಿಟ್ಟಿದೀವಿ ಅಂದ್ರೆ, ರಿಮ್ಯಾಪ್ ಮಾಡಿಸಿ ಬೂಸ್ಟ್ (ಟರ್ಬೋ ಕೊಡೋ ಒತ್ತಡ) ಏರಿಸಿರೋ ಗಾಡಿ ಕಂಪನಿ ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಗಾಳಿ ಕೇಳುತ್ತೆ, ಅಲ್ಲಿ ಸ್ಟಾಕ್ ಬಾಕ್ಸ್ ನಿಜವಾಗ್ಲೂ ಅಡ್ಡ ಬರಬಹುದು. ಅಲ್ಲೂ ಮುಚ್ಚಿದ ಬಾಕ್ಸ್ ಇರೋ ಕಿಟ್ ಮಾತ್ರ, ಹಾಕೋ ಮುಂಚೆ ಹಾಕಿದ ಮೇಲೆ ಎರಡೂ ರೀಡಿಂಗ್ ನಿಮ್ಮ ಕೈಗೆ ಕೊಡ್ತೀವಿ. ರೀಡಿಂಗಲ್ಲಿ ಸುಧಾರಣೆ ಕಾಣದಿದ್ರೆ ಅವತ್ತೇ ತೆಗೆದು ಹಳೇದು ಕೂರಿಸಿ ಕೊಡ್ತೀವಿ, ಕಿಟ್ ದುಡ್ಡು ವಾಪಸ್.

ಅಡ್ವಾನ್ಸ್ ಕೊಟ್ಟಿರೋರಿಗೆ ಪೂರ್ತಿ ದುಡ್ಡು ವಾಪಸ್, ಬೇಕಾದ್ರೆ ಸರ್ವಿಸ್ ಬಿಲ್ಲಲ್ಲಿ ಕಳೆದುಕೊಳ್ಳಬಹುದು. ನಮ್ಮಲ್ಲೇ ಕಿಟ್ ಹಾಕಿಸಿಕೊಂಡಿರೋರು ಸ್ಟಾಕ್ ಬಾಕ್ಸಿಗೆ ವಾಪಸ್ ಹೋಗ್ಬೇಕು ಅಂದ್ರೆ ಬನ್ನಿ, ಲೇಬರ್ ತಗೊಳ್ಳಲ್ಲ, ಹೊಸ ಪೇಪರ್ ಫಿಲ್ಟರ್ ದುಡ್ಡು ಮಾತ್ರ. ಬರೋವಾಗ ಹಳೇ ಬಾಕ್ಸ್, ಅದರ ಕ್ಲಿಪ್ಪು, ಬೋಲ್ಟು, ಮುಂದಿನ ಪೈಪು ಎಲ್ಲಾ ಹುಡುಕಿ ತನ್ನಿ, ಒಂದು ಕ್ಲಿಪ್ ಕಮ್ಮಿ ಆದ್ರೂ ಸಂದಿಯಿಂದ ಧೂಳು ನುಗ್ಗುತ್ತೆ. ಕಿಟ್ ಇಟ್ಕೊಂಡೇ ಓಡಿಸ್ತೀವಿ ಅನ್ನೋರ ಗಾಡಿಗೂ ಸರ್ವಿಸ್ ಎಂದಿನಂತೆ ಮಾಡ್ತೀವಿ, ಫಿಲ್ಟರ್ ತೊಳೆದು ಕೊಡ್ತೀವಿ.

ಮತ್ತೆ ಅದಿರು ರೋಡಲ್ಲಿ ದಿನಾ ಓಡಾಡೋರಿಗೆ ಒಂದು ಮಾತು, ಸರ್ವಿಸ್ ಬುಕ್ಕಲ್ಲಿ ಬರೆದಿರೋ ಕಿಲೋಮೀಟರ್‌ವರೆಗೆ ಏರ್ ಫಿಲ್ಟರ್‌ಗೆ ಕಾಯಬೇಡಿ, ಅದರ ಅರ್ಧಕ್ಕೇ ಒಂದು ಸಲ ತೆಗೆಸಿ ನೋಡಿ. ನೋಡೋಕೆ ದುಡ್ಡಿಲ್ಲ, ಐದು ನಿಮಿಷದ ಕೆಲಸ.

ಹಳೇ ಏರ್ ಬಾಕ್ಸ್ ಗುಜರಿಗೆ ಹಾಕಿಬಿಟ್ಟಿದೀವಿ ಅನ್ನೋರು ಮೊದಲು ಫೋನ್ ಮಾಡಿ ಗಾಡಿ ಮಾಡೆಲ್, ವರ್ಷ ಹೇಳಿ, ಸೆಕೆಂಡ್ ಹ್ಯಾಂಡ್ ಎಲ್ಲಾದ್ರೂ ಸಿಗುತ್ತಾ ವಿಚಾರಿಸಿ ಆಮೇಲೆ ಕರೀತೀವಿ, ಸುಮ್ನೆ ಬಂದು ವಾಪಸ್ ಹೋಗ್ಬೇಡಿ.

ಇಂತಿ,
ಗ್ಯಾರೇಜ್ ಕಡೆಯಿಂದ, ಹೊಸಪೇಟೆ