ಬ್ಯಾಟರಿ ಬರಲಿ, ಎರೆ ಹೊಲ ಬಿಟ್ಟು ಬರಲಿ

ಗದಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಸಾಹೇಬರೇ, ನಾನು ಮುಂಡರಗಿ ತಾಲೂಕಿನ ರೈತ. ಕಡಲೆ, ಉಳ್ಳಾಗಡ್ಡಿ ಬೆಳೆಯುತ್ತೇನೆ. ಮನೆ ಕಟ್ಟೆ ಮೇಲೆ ಕೂತರೆ ಕಪ್ಪತಗುಡ್ಡದ ಕಡೆಯ ಗಾಳಿ ಫ್ಯಾನುಗಳು ಕಾಣುತ್ತವೆ. ಈಗ ಊರ ಚಹಾದಂಗಡಿಯಲ್ಲಿ ಹೊಸ ಮಾತು: ನಮ್ಮ ಕಡೆ ಕರೆಂಟ್ ಕೂಡಿಡುವ ದೊಡ್ಡ ಬ್ಯಾಟರಿ ಘಟಕ ಬರುತ್ತದಂತೆ.

ಬರಲಿ. ನನ್ನ ತಕರಾರಿಲ್ಲ. ಮಧ್ಯಾಹ್ನ ಸೋಲಾರ್ ಕರೆಂಟ್ ಜಾಸ್ತಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಎಳೆದಾಟ. ಮಧ್ಯಾಹ್ನದ್ದನ್ನು ಕೂಡಿಟ್ಟು ಸಂಜೆಗೆ ಕೊಡುವುದೇ ಬ್ಯಾಟರಿ ಕೆಲಸ. ದಿಲ್ಲಿಯ ಕಿಲೋಕರಿಯಲ್ಲಿ 2025ರಲ್ಲಿ ಶುರುವಾದ ಇಂಥ ಘಟಕ 20 ಮೆಗಾವ್ಯಾಟನ್ನು 2 ತಾಸು ಕೊಡುತ್ತದೆ. ಅಂದರೆ 40,000 ಯೂನಿಟ್. ಆದರೆ ಆಷಾಢದ ಗಾಳಿಯನ್ನು ಇದರಲ್ಲಿ ಬೇಸಿಗೆ ತನಕ ಇಡಬಹುದು ಅಂತ ಯಾರೂ ನಮಗೆ ಹೇಳಬಾರದು. ಇದೇನು ಕಾಳು ಕೂಡಿಡುವ ನೆಲದ ಹಗೇವು ಅಲ್ಲ, ಅಡುಗೆಮನೆಯ ಡಬ್ಬಿ. ಬೆಳಗ್ಗೆ ತುಂಬಿ ಸಂಜೆ ಖಾಲಿ ಮಾಡುವುದು.

ನನ್ನ ಮಾತು ಭೂಮಿಯದು. 2011ರಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಹಳ್ಳಿಗುಡಿ ಸುತ್ತಲಿನ ಹೊಲ ಕೇಳಿದಾಗ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಬ್ಯಾಟರಿಗೆ ಅಷ್ಟೆಲ್ಲ ಜಾಗ ಬೇಕಿಲ್ಲ. ಸೋಲಾರಿಗೆ ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬೇಕು. ಬ್ಯಾಟರಿ ಕಂಟೇನರ್‌ಗಳು ಅದಕ್ಕಿಂತ ಬಹಳ ಕಡಿಮೆ ಜಾಗದಲ್ಲಿ ಕೂರುತ್ತವೆ. ಹಾಗಿದ್ದ ಮೇಲೆ ಬೆಳೆಯುವ ಹೊಲಕ್ಕೆ ಯಾಕೆ ಕೈ ಹಾಕಬೇಕು? ದೊಡ್ಡ ಸಬ್‌ಸ್ಟೇಷನ್‌ಗಳ ಹತ್ತಿರ ಕಲ್ಲು ನೆಲ ಹುಡುಕಿ. ಲೈನ್ ಎಳೆಯುವ ಖರ್ಚೂ ಉಳಿಯುತ್ತದೆ.

ಖಾಸಗಿ ಹೊಲವೇ ಬೇಕಾದರೆ ಖರೀದಿ ಬೇಡ, ಲಾವಣಿಗೆ, ಅಂದರೆ ಬಾಡಿಗೆಗೆ ಕೇಳಿ. ನಮ್ಮ ಅಣ್ಣ ಫ್ಯಾನಿಗೆಂದು ಎರಡು ಎಕರೆ ಮಾರಿದರು. ರೊಕ್ಕ ಮಗಳ ಮದುವೆಗೆ ಹೋಯಿತು. ಈಗ ಅದೇ ಹೊಲದಲ್ಲಿ ರಾತ್ರಿ ವಾಚ್‌ಮನ್. ಬೆಲ್ಟ್, ಟೋಪಿ, ಸೀಟಿ ಎಲ್ಲ ಕೊಟ್ಟಿದ್ದಾರೆ ಬಿಡಿ. ಈ ಬ್ಯಾಟರಿಗಳು ಹತ್ತು ಹದಿನೈದು ವರ್ಷಕ್ಕೆ ಸೋಲುತ್ತವೆ. ಅಷ್ಟು ದಿನದ ಕೆಲಸಕ್ಕೆ ಹೊಲವನ್ನು ಕಾಯಂ ಬರೆಸಿಕೊಳ್ಳುವುದು ಯಾವ ಲೆಕ್ಕ? ಬಾಡಿಗೆ ವರ್ಷ ವರ್ಷ ಬರಲಿ, ಎರಡು ಮೂರು ವರ್ಷಕ್ಕೊಮ್ಮೆ ಏರಲಿ. ಹಳೇ ಬ್ಯಾಟರಿ ವಾಪಸ್ ಒಯ್ಯುವುದು 2022ರ ನಿಯಮದ ಪ್ರಕಾರ ತಯಾರಕರ ಜವಾಬ್ದಾರಿ. ಅದನ್ನೂ ಕರಾರಿನಲ್ಲಿ ಕನ್ನಡದಲ್ಲಿ ಬರೆಸಿ.

ಇನ್ನು ಬೆಂಕಿ. 2025ರ ಜನವರಿಯಲ್ಲಿ ಅಮೆರಿಕದ ಮಾಸ್ ಲ್ಯಾಂಡಿಂಗ್‌ನಲ್ಲಿ ಬ್ಯಾಟರಿ ಘಟಕ ಉರಿದು ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಅಲ್ಲಿ ಒಂದೇ ಕಟ್ಟಡದೊಳಗೆ ರಾಶಿ ತುಂಬಿದ್ದರು. ಈಗ ಬಿಡಿ ಕಂಟೇನರ್ ಇಟ್ಟು ನಡುವೆ ಜಾಗ ಬಿಡುತ್ತಾರೆ, ಸರಿ. ಆದರೂ ಬ್ಯಾಟರಿಯೊಳಗಿನ ಒಂದು ಸೆಲ್ ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ. ಆರಿತು ಅಂದುಕೊಂಡ ಬೆಂಕಿ ಮತ್ತೆ ಏಳುತ್ತದೆ. ಮೊದಲ ಕಂಟೇನರ್ ಬರುವ ಮುಂಚೆಯೇ ನಮ್ಮ ಅಗ್ನಿಶಾಮಕ ಠಾಣೆಯವರಿಗೆ ತರಬೇತಿ ಆಗಬೇಕು. ನೀರಿನ ಟ್ಯಾಂಕ್ ಅಲ್ಲೇ ಇರಬೇಕು. ಬೇಸಿಗೆಯಲ್ಲಿ ನಮಗೆ ಕುಡಿಯುವ ನೀರಿಗೇ ತತ್ವಾರ ಅಲ್ವಾ?

ಸರ್ವೆ ಕಲ್ಲು ನೆಡುವ ಮೊದಲು ಗ್ರಾಮಸಭೆ ಕರೆಯಿರಿ. ಜಾಗ ನೋಡಲು ನೀವೇ ಬರುವುದಾದರೆ ಏಪ್ರಿಲ್‌ನಲ್ಲಿ ಬನ್ನಿ. ನಮ್ಮ ಎರೆ ನೆಲ, ಅಂದರೆ ಕಪ್ಪು ಮಣ್ಣು, ಆಗ ಬಾಯಿ ಬಿಟ್ಟಿರುತ್ತದೆ, ಬಿರುಕಿನಲ್ಲಿ ಕೈ ಇಳಿಸಬಹುದು. ಮಳೆ ಬಿದ್ದರೆ ಅದೇ ನೆಲ ಉಬ್ಬುತ್ತದೆ. ಟನ್‌ಗಟ್ಟಲೆ ತೂಕದ ಕಂಟೇನರನ್ನು ಅದರ ಮೇಲೆ ಹೇಗೆ ನಿಲ್ಲಿಸುತ್ತೀರಿ ಅಂತ ನಿಮ್ಮ ಇಂಜಿನಿಯರರನ್ನೂ ಕರೆತಂದು ಅಲ್ಲೇ ಕೇಳೋಣ.

ಇಂತಿ,
ಮುಂಡರಗಿ ತಾಲೂಕಿನ ಒಬ್ಬ ರೈತ