ಮಗಳ ವಿಡಿಯೋ ಅಳಿಸಬೇಡ

ಪ್ರೀತಿಯ ಗೆಳೆಯ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಜಾಲತಾಣದಲ್ಲಿರುವ ನಿನ್ನ ಫೋಟೋ, ವಿಡಿಯೋ ಎಲ್ಲವನ್ನೂ ಅಳಿಸಿಹಾಕು ಎಂದು ಮಗಳಿಗೆ ಹೇಳಿದೆಯಂತೆ. ಅವಳು ಎದುರಾಡಲಿಲ್ಲ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಒಂದೊಂದಾಗಿ ಅಳಿಸತೊಡಗಿದಳಂತೆ. ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಹೆಣ್ಣುಮಕ್ಕಳ ಮುಖ ಹೊರಗೆ ಕಾಣಲೇಬಾರದು ಎಂದೆ. ನಿನ್ನ ದನಿಯಲ್ಲಿದ್ದ ಭಯ ಕೇಳಿ ಆಗ ಏನೂ ಹೇಳಲಾಗಲಿಲ್ಲ. ಎರಡು ದಿನ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ನಿನ್ನಂತೆಯೇ ನಿದ್ದೆಗೆಟ್ಟ ತಂದೆತಾಯಂದಿರು ನನಗೆ ಇನ್ನೂ ಕೆಲವರು ಗೊತ್ತು. ಹಾಗಾಗಿ ನಾಲ್ಕು ಜನ ಓದುವ ಕಡೆಯೂ ಇದನ್ನು ಹಾಕುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಿನ್ನ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ಹುಡುಗಿ ರಶ್ಮಿಕಾ ಮಂದಣ್ಣ ಅವರ ಹೆಸರಿನಲ್ಲಿ ಓಡಾಡಿದ ಆ ಲಿಫ್ಟ್ ವಿಡಿಯೋವನ್ನು ನೋಡಿ ನಾನೂ ಮೊದಲು ನಿಜವೆಂದೇ ತಿಳಿದಿದ್ದೆ. ದೇಹ ಬ್ರಿಟನ್ನಿನಲ್ಲಿರುವ ಬೇರೊಬ್ಬ ಹೆಣ್ಣುಮಗಳದು, ಕೃತಕ ಬುದ್ಧಿಮತ್ತೆಯಿಂದ ಅಂಟಿಸಿದ ಮುಖ ಮಾತ್ರ ಇವರದು. ಆ ಇನ್ನೊಬ್ಬ ಹೆಣ್ಣುಮಗಳ ಬಗ್ಗೆ ಯಾರೂ ಹೆಚ್ಚು ಯೋಚಿಸಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ತನ್ನ ಪಾಡಿಗೆ ತಾನು ಹಾಕಿಕೊಂಡ ವಿಡಿಯೋದಿಂದ ಅವಳ ಮುಖವನ್ನೇ ತೆಗೆದುಹಾಕಿದ್ದರು. ಆದರೆ ಮುಂದೇನಾಯಿತು ಎಂಬುದನ್ನೂ ನೆನಪಿಸಿಕೋ. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಅದನ್ನು ಮಾಡಿದವನನ್ನು ಆಂಧ್ರದಲ್ಲಿ ಹಿಡಿದರು. ಅಭಿಮಾನಿಗಳ ಪುಟವೊಂದಕ್ಕೆ ಹೆಚ್ಚು ಜನರನ್ನು ಸೇರಿಸಿಕೊಳ್ಳಲು ಹೀಗೆ ಮಾಡಿದ ಎಂದು ಅವರು ಹೇಳಿದರು. ಅಂದರೆ ಅದರ ಹಿಂದೆ ಹೆಸರು, ವಿಳಾಸ ಇರುವ ಒಬ್ಬ ಮನುಷ್ಯನಿದ್ದ. ಹುಡುಕಿದರೆ ಸಿಕ್ಕಿದ.

ಯಂತ್ರದ ಬಗ್ಗೆ ಇಷ್ಟು ಸಾಕು. ನನ್ನನ್ನು ಕಾಡುತ್ತಿರುವುದು ಬೇರೆ. ಹೊಸದೊಂದು ಬಂದು ಊರಿಗೆ ಊರೇ ಬೆಚ್ಚಿದಾಗ ಆ ಭಯ ತಪ್ಪಿತಸ್ಥನ ತಂಟೆಗೆ ಹೋಗುವುದಿಲ್ಲ, ಕೈಗೆ ಸಿಕ್ಕ ನಿರಪರಾಧಿಯ ಮೇಲೆ ಬೀಳುತ್ತದೆ. ಇದನ್ನು ನಾನು ಎರಡು ಸಲ ಕಣ್ಣಾರೆ ಕಂಡಿದ್ದೇನೆ. ಒಂದರಲ್ಲಿ ನನ್ನದೂ ಕೈಯಿದೆ.

ಮೊದಲನೆಯದು 2012ರ ಆಗಸ್ಟ್. ಅಸ್ಸಾಮಿನ ಕೋಕ್ರಜಾರ್ ಕಡೆ ಗಲಭೆಯಾಗಿತ್ತು. ಬೇರೆಲ್ಲಿಯದೋ ದುರಂತದ ಚಿತ್ರಗಳು ಅಲ್ಲಿಯವೆಂಬ ಹೆಸರಿನಲ್ಲಿ ಹರಿದಾಡಿದವು. ಅದರ ಸೇಡಿಗೆ ರಂಜಾನ್ ಮುಗಿಯುತ್ತಿದ್ದಂತೆ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್‌ಎಂಎಸ್ ಹಬ್ಬಿತು. ಆಗ ನಾನಿದ್ದ ಕಟ್ಟಡದ ಮೇಲಿನ ಕೋಣೆಯಲ್ಲಿ ಅಸ್ಸಾಮಿನ ಮೂವರು ಹುಡುಗರಿದ್ದರು, ಹೋಟೆಲ್ ಕೆಲಸದವರು. ಸ್ವಾತಂತ್ರ್ಯ ದಿನದ ಮರುದಿನ ಸಂಜೆ ಅವರಲ್ಲಿ ಚಿಕ್ಕವನು ಕೆಳಗಿಳಿದು ಬಂದು ನನ್ನ ಕೈಗೆ ಬೀಗದ ಕೈ ಕೊಟ್ಟ. ಅದರ ಜೊತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಉಳಿದಿದ್ದ ಅಕ್ಕಿ. "ಹಾಳಾಗುತ್ತದೆ ಅಣ್ಣ, ನೀವು ಮಾಡಿಕೊಳ್ಳಿ" ಎಂದ. ಹೋಗಬೇಡಿ, ನಾವಿಲ್ಲವೇ ಎಂದೆ. ಅವನು ಮೊಬೈಲನ್ನು ನನ್ನ ಮುಂದೆ ಹಿಡಿದ. ಒಂದೇ ಸಂದೇಶ, ಬೇರೆ ಬೇರೆ ಏಳೆಂಟು ಜನರಿಂದ ಬಂದಿತ್ತು. ಅಷ್ಟು ಜನ ಹೇಳುವಾಗ ಸುಳ್ಳು ಹೇಗಾಗುತ್ತದೆ ಎಂಬುದು ಅವನ ಪ್ರಶ್ನೆ. ಬರೆದವನು ಒಬ್ಬನೇ, ಉಳಿದವರೆಲ್ಲ ದಾಟಿಸಿದವರು ಎಂದು ಅವನಿಗೆ ಹೇಳುವುದು ನನಗೆ ಆಗ ಹೊಳೆಯಲಿಲ್ಲ.

ಆ ದಿನಗಳಲ್ಲಿ ಮೆಜೆಸ್ಟಿಕ್ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೃಹ ಸಚಿವರಾಗಿದ್ದ ಆರ್. ಅಶೋಕ ಅವರೇ ಪ್ಲಾಟ್‌ಫಾರಂಗೆ ಹೋಗಿ, ಹೋಗಬೇಡಿ ಎಂದು ಕೇಳಿಕೊಂಡರು. ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಜನ ಸಿಕ್ಕಿಹಾಕಿಕೊಳ್ಳಬಾರದೆಂಬ ಒಳ್ಳೆಯ ಉದ್ದೇಶವೇ ಇದ್ದಿರಬೇಕು. ಆದರೆ ಸರಕಾರವೇ ರೈಲು ಬಿಡುತ್ತಿದೆ ಎಂದ ಮೇಲೆ ಸುದ್ದಿ ನಿಜವೇ ಇರಬೇಕೆಂದು ಹೆದರಿದವರನ್ನೂ ನಾನು ಕಂಡೆ. ಕೇಂದ್ರ ಸರಕಾರ ಹದಿನೈದು ದಿನಗಳ ಮಟ್ಟಿಗೆ ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸುವಂತಿಲ್ಲ ಎಂದು ಆದೇಶಿಸಿತು. ಈ ಐದು ಎಂಬ ಸಂಖ್ಯೆಯನ್ನು ನೆನಪಿಟ್ಟುಕೋ.

ಎರಡನೆಯದು 2018ರದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಆ ಬೇಸಿಗೆಯಲ್ಲಿ ಎಲ್ಲರ ಮೊಬೈಲಿಗೂ ಬಂತು. ಮಕ್ಕಳ ಕಳ್ಳರು ಬೆಂಗಳೂರಿಗೆ ಇಳಿದಿದ್ದಾರೆ ಎಂಬ ಒಕ್ಕಣೆ ಜೊತೆಗಿತ್ತು. ನಾನು ಅದನ್ನು ನಮ್ಮ ಬೀದಿಯ ವಾಟ್ಸ್‌ಆಪ್ ಗುಂಪಿಗೆ ಹಾಕಿದೆ. ಕೆಟ್ಟ ಉದ್ದೇಶವಿರಲಿಲ್ಲ, ಎಚ್ಚರವಾಗಿರಲಿ ಎಂದು ಹಾಕಿದೆ. ಹಾಕಿದವರೆಲ್ಲರೂ ಹೀಗೆಯೇ ಹೇಳುತ್ತಾರೆ.

ಅದು ಪಾಕಿಸ್ತಾನದ ಕರಾಚಿಯಲ್ಲಿ ತೆಗೆದ ವಿಡಿಯೋ. ರೋಶ್ನಿ ಹೆಲ್ಪ್‌ಲೈನ್ ಎಂಬ, ಕಳೆದುಹೋದ ಮಕ್ಕಳನ್ನು ಹುಡುಕುವ ಸಂಸ್ಥೆಯ ಜಾಗೃತಿ ಚಿತ್ರ. ಅದರ ಕೊನೆಯಲ್ಲಿ ಆ ಬೈಕ್ ತಿರುಗಿ ಬರುತ್ತದೆ, ಮಗುವನ್ನು ಇಳಿಸುತ್ತದೆ, ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಎಂದು ಬರೆದ ಫಲಕವನ್ನು ಸವಾರರು ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಅದರಲ್ಲಿ ಕೃತಕ ಬುದ್ಧಿಮತ್ತೆ ಇರಲಿಲ್ಲ, ಯಾರ ಮುಖವನ್ನೂ ಬದಲಾಯಿಸಿರಲಿಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದ ಮಾಡಿದ ಚಿತ್ರದ ಬಾಲ ಕತ್ತರಿಸಿದ್ದಷ್ಟೇ.

ನಮ್ಮ ಬೀದಿಗೆ ವರ್ಷಕ್ಕೆರಡು ಸಲ ಸೈಕಲ್ ಮೇಲೆ ಹೊದಿಕೆ, ಚಾದರ ಹೇರಿಕೊಂಡು ಬರುವವನೊಬ್ಬನಿದ್ದ. ಉತ್ತರದ ಕಡೆಯವನು, ಹರಕುಮುರುಕು ಕನ್ನಡದಲ್ಲೇ ಅಮ್ಮನ ಜೊತೆ ಚೌಕಾಸಿ ಮಾಡುತ್ತಿದ್ದ. ಆ ಮೇ ತಿಂಗಳಲ್ಲಿ ಅವನು ಬಂದಾಗ ಒಂದೊಂದೇ ಬಾಗಿಲು ಮುಚ್ಚಿತು. ಎದುರು ಮನೆಯ ಯಜಮಾನರು ಗೇಟಿಗೆ ಬಂದು ಆಧಾರ್ ಕೇಳಿದರು. ಇನ್ನಿಬ್ಬರು ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದರು. ಅವನು ಚೀಲದ ತಳದಿಂದ ಪ್ಲಾಸ್ಟಿಕ್ ಕವರ್ ತೆಗೆದ. ಅದರಲ್ಲಿ ಆಧಾರ್ ಕಾರ್ಡ್, ಅದರ ಹಿಂದೆ ಎರಡು ಮಕ್ಕಳ ಪಾಸ್‌ಪೋರ್ಟ್ ಅಳತೆಯ ಫೋಟೋ. ಯಾರೂ ಕೇಳದಿದ್ದರೂ ಆ ಫೋಟೋಗಳನ್ನು ಎಲ್ಲರ ಮುಂದೆ ಹಿಡಿದ. ಕೈ ನಡುಗುತ್ತಿತ್ತು. ಅಷ್ಟರಲ್ಲಿ ಅಮ್ಮ ಒಂದು ಚೊಂಬು ನೀರು ಹಿಡಿದು ಹೊರಗೆ ಬಂದರು, "ಇವನು ಆರು ವರ್ಷದಿಂದ ನನಗೆ ಗೊತ್ತು" ಎಂದರು. ಹ್ಯಾಂಡಲ್ ಹಿಡಿದ ಕೈಗಳು ಸಡಿಲವಾದವು. ಗೇಟಿನ ಒಳಗೆ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಆ ವಿಡಿಯೋ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದ್ದರೆ ಉತ್ತರ ನನ್ನ ಬಳಿ ಇತ್ತು.

ಅದೇ ತಿಂಗಳ 23ರಂದು ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ರಾಜಸ್ಥಾನದಿಂದ ಬಂದಿದ್ದ ಇಪ್ಪತ್ತಾರು ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಕಟ್ಟಿ, ಎಳೆದಾಡಿ, ಹೊಡೆದು ಕೊಂದರು. ಅವನಿಗಾಗಿ ನೀರು ತರುವ ಅಮ್ಮ ಆ ಬೀದಿಯಲ್ಲಿ ಇರಲಿಲ್ಲ. ಪತ್ರಿಕೆ ಓದಿ ನಾನು ಗುಂಪಿನಿಂದ ಆ ವಿಡಿಯೋ ತೆಗೆಯಲು ಹೋದೆ. ತೆಗೆಯುವ ಅವಧಿ ದಾಟಿತ್ತು.

ಜುಲೈ 10ರಂದು ವಾಟ್ಸ್‌ಆಪ್ ಕಂಪನಿ ದೇಶದ ಪತ್ರಿಕೆಗಳಲ್ಲಿ ಪುಟದ ತುಂಬ ಜಾಹೀರಾತು ಕೊಟ್ಟು ಸುಳ್ಳು ಸುದ್ದಿ ಗುರುತಿಸುವುದು ಹೇಗೆಂದು ತಿಳಿಸಿತು. ಮೂರೇ ದಿನಕ್ಕೆ, 13ರ ಸಂಜೆ, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಹೈದರಾಬಾದಿನಿಂದ ಬಂದಿದ್ದ ಕೆಲವು ಗೆಳೆಯರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರಲ್ಲಿ ಒಬ್ಬ ಕತಾರಿನವನು, ಚಾಕೊಲೇಟನ್ನು ಅಲ್ಲಿಂದ ತಂದಿದ್ದ. ಜನ ಸುತ್ತುವರಿದಾಗ ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲು ಸಂದೇಶ ಮುಂದಿನ ಊರಾದ ಮುರ್ಕಿಯನ್ನು ತಲುಪಿತ್ತು, ಅಲ್ಲಿ ದಾರಿಗೆ ಅಡ್ಡ ಹಾಕಿದ್ದರು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಸತ್ತ. ತಡೆಯಲು ಹೋದ ಪೊಲೀಸರೂ ಗಾಯಗೊಂಡರು. ನಮ್ಮ ಹಳ್ಳಿಗಳಲ್ಲಿ ನೆಂಟರು ಬಂದರೆ ಮಕ್ಕಳ ಕೈಗೆ ಪೆಪ್ಪರ್‌ಮಿಂಟ್ ಇಡುವುದು ಎಷ್ಟು ಹಳೆಯ ರೂಢಿ ಎಂದು ಯೋಚಿಸು.

ಅದಾದ ವಾರದಲ್ಲಿ ವಾಟ್ಸ್‌ಆಪ್ ಒಂದು ಸಂದೇಶವನ್ನು ಒಂದು ಸಲಕ್ಕೆ ಎಷ್ಟು ಕಡೆ ದಾಟಿಸಬಹುದು ಎಂಬುದಕ್ಕೆ ಭಾರತದಲ್ಲಿ ಮಿತಿ ಹಾಕಿತು. ಎಷ್ಟು ಗೊತ್ತೇ? ಐದು. ಆರು ವರ್ಷದ ಹಿಂದೆ ಸರಕಾರ ಹಾಕಿದ್ದ ಅದೇ ಐದು. ಮಿತಿಯಿಂದ ಉಪಯೋಗವಾಗಲಿಲ್ಲ ಎನ್ನುವುದಿಲ್ಲ, ಓಟದ ವೇಗ ತಗ್ಗುತ್ತದೆ. ಆದರೆ ನಾನು ಆ ವಿಡಿಯೋ ಹಾಕಿದ್ದು ಒಂದೇ ಗುಂಪಿಗೆ.

ಗಣಪತಿಯ ವಿಗ್ರಹ ಹಾಲು ಕುಡಿಯುತ್ತಿದೆ ಎಂಬ ಸುದ್ದಿ ಹಬ್ಬಿದ ದಿನ ನೆನಪಿದೆಯೇ? 1995ರ ಸೆಪ್ಟೆಂಬರ್ 21. ನಾವಿಬ್ಬರೂ ಲೋಟ ಹಿಡಿದು ಸಾಗರದ ಗುಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆವು. ಅಂದು ಸುದ್ದಿ ಓಡಿದ್ದು ಟೆಲಿಫೋನಿನಲ್ಲಿ. ಒಂದೇ ದಿನದಲ್ಲಿ ದೇಶ ಸುತ್ತಲು ಅಷ್ಟೇ ಸಾಕಾಗಿತ್ತು. ಹಾಲು ಹೋಯಿತು, ಯಾರ ಜೀವವೂ ಹೋಗಲಿಲ್ಲ, ಏಕೆಂದರೆ ಆ ಸುದ್ದಿಯಲ್ಲಿ ಬೆರಗಿತ್ತು, ಹೆದರಿಕೆ ಇರಲಿಲ್ಲ.

ಈಗ ನಿನ್ನ ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಯಾರಿಗೆ ಏನು ಮಾಡಿದಳು? ಕಳೆದ ವರ್ಷ ನಿಮ್ಮ ಮನೆಯಲ್ಲಿ ನಾನು ನೋಡಿದ ಯಕ್ಷಗಾನದ ಆ ವಿಡಿಯೋದಲ್ಲಿ ಚಂಡೆ ಏರುತ್ತಿದ್ದಂತೆ ಅವಳು ಮಂಡಿ ಹಾಕುತ್ತಾ ಇಡೀ ರಂಗವನ್ನು ಸುತ್ತಿ ಬಂದು, ಎದ್ದು ನಿಂತಾಗ ಕಿರೀಟ ಒಂದಿಷ್ಟೂ ಅಲುಗಿರಲಿಲ್ಲ. ಅದನ್ನು ಕಲಿಯಲು ಮೊಣಕಾಲು ಎಷ್ಟು ಸಲ ತರಚಿತ್ತು ಎಂದು ನೀನೇ ಹೇಳಿದ್ದೆ. ಅಸ್ಸಾಮಿನ ಹುಡುಗ ಬೀಗದ ಕೈ ಕೊಟ್ಟು ಹೋದ ಹಾಗೆ, ಇವಳೂ ತನ್ನದೆಲ್ಲವನ್ನೂ ಒಪ್ಪಿಸಿ ಪಕ್ಕಕ್ಕೆ ಸರಿಯಬೇಕೇ? ನೀನು ಅಳಿಸಿದರೂ ಕಾಲೇಜಿನ ಗುಂಪು ಚಿತ್ರವಿದೆ, ಮದುವೆಮನೆಯ ಆಲ್ಬಮ್ ಇದೆ. ಮುಖ ಕದಿಯುವವನಿಗೆ ಒಂದು ಫೋಟೋ ಸಾಕು. ಅವಳಿಂದ ಕಿತ್ತುಕೊಂಡಿದ್ದು ಮಾತ್ರ ಅವಳಿಗೆ ಮರಳಿ ಸಿಗುವುದಿಲ್ಲ.

ನಿನ್ನ ಕೈಯಲ್ಲಿ ಆಗುವ ಕೆಲಸ ಬೇರೆ ಇದೆ. ಏನೇ ಆದರೂ ಮೊದಲು ಅಪ್ಪನಿಗೆ ಹೇಳಬಹುದು, ಅಪ್ಪ ಬೈಯುವುದಿಲ್ಲ ಎಂಬ ಧೈರ್ಯ ಅವಳಲ್ಲಿ ಇರಲಿ. ಅಳಿಸು ಎಂದ ದಿನ ಆ ಧೈರ್ಯಕ್ಕೆ ಪೆಟ್ಟು ಬಿದ್ದಿದೆ. ಇನ್ನು ಕಾನೂನಿನ ದಾರಿ. ತಿರುಚಿದ ಚಿತ್ರದ ಬಗ್ಗೆ ತೊಂದರೆಗೊಳಗಾದವರು ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಐಟಿ ನಿಯಮಗಳೇ ಜಾಲತಾಣಗಳಿಗೆ ಹೇಳಿದ್ದವು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ (ಸಿಇಎನ್) ಪೊಲೀಸ್ ಠಾಣೆ ನಿಮ್ಮ ಶಿವಮೊಗ್ಗದಲ್ಲೂ ಇದೆ. ಅಂಥದ್ದು ಬಂದರೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್, ವಿಳಾಸ, ಸಮಯ ಇಟ್ಟುಕೊಳ್ಳಿ. ಅವು ಸಾಕ್ಷಿಗೆ ಬೇಕಾಗುತ್ತವೆ. ಆಗ ನನಗೂ ಫೋನ್ ಮಾಡು, ಯಾವ ಹೊತ್ತಾದರೂ ಬರುತ್ತೇನೆ.

ಆ ಯಕ್ಷಗಾನದ ವಿಡಿಯೋವನ್ನು ಅಂದು ನೀನೇ ನನಗೆ ಕಳಿಸಿದ್ದೆ, ನನ್ನ ಬಳಿ ಹಾಗೆಯೇ ಇದೆ. ಇದರ ಜೊತೆ ಅವಳಿಗೆ ಕಳಿಸುತ್ತಿದ್ದೇನೆ. ಮತ್ತೆ ಹಾಕುವುದೋ ಬಿಡುವುದೋ ಅವಳ ಇಷ್ಟ.

ಆ ಹೊದಿಕೆಯವನು 2018ರ ನಂತರ ನಮ್ಮ ಬೀದಿಗೆ ಬಂದಿಲ್ಲ. ಆ ದಿನ ಅಮ್ಮ ಅವನಿಂದ ಚೌಕಾಸಿ ಮಾಡದೆ ಕೊಂಡ ನೀಲಿ ಚಾದರ ಇನ್ನೂ ಗಟ್ಟಿಯಾಗಿದೆ. ಮುಂದಿನ ತಿಂಗಳು ನೀವೆಲ್ಲ ಬಂದಾಗ ಹಾಸಲು ಅದನ್ನೇ ತೆಗೆದಿಟ್ಟಿದ್ದಾರೆ. ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ,
ಹಳೆಯ ಗೆಳೆಯ